ಕರಮಲ್ ಘಾಟಿನಲ್ಲಿ ಏನಾಯ್ತು ಅಂತ ಹಾಳೆ ಹೇಳಬೇಕು

(ಗೋವಾದ ವಾಸ್ಕೋದಲ್ಲಿ ಕನ್ನಡಿಗರ ಸಭೆಯೊಂದರಲ್ಲಿ ಆಡಿದ ಮಾತು. ಬರಹಕ್ಕೆ ಇಳಿಸುವಾಗ ಅಲ್ಲಲ್ಲಿ ತಿದ್ದಿದ್ದೇನೆ. ರೋಗಿಯ ಗುರುತು ಸಿಗದಂತೆ ವಿವರ ಬದಲಾಯಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ಆಂಬುಲೆನ್ಸಿನಲ್ಲಿ ಮನೆಯವರ ಜೊತೆ ಕೂತು ಬಂದವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ. ನೋಡಿ, ಅರ್ಧ ಸಭೆಯೇ ಕೈ ಎತ್ತಿದೆ. ಈಗ ಇನ್ನೊಂದು. ಆ ಆಂಬುಲೆನ್ಸಿನಲ್ಲಿ ಬರೆದ ಹಾಳೆಯನ್ನು ಕಣ್ಣಾರೆ ನೋಡಿದವರು ಎಷ್ಟು ಜನ? ಎರಡೇ ಕೈ. ಇಬ್ಬರೂ ನರ್ಸುಗಳು ಅಂತ ಕಾಣುತ್ತದೆ. ನಾನು ಇವತ್ತು ಮಾತಾಡೋದು ಆ ಹಾಳೆಯ ಬಗ್ಗೆ.

108ರಲ್ಲಿ ಅದಕ್ಕೆ ಪಿಸಿಆರ್ ಅನ್ನುತ್ತಾರೆ, ಅಂದರೆ ದಾರಿಯಲ್ಲಿ ರೋಗಿಗೆ ಕೊಟ್ಟ ಆರೈಕೆಯ ದಾಖಲೆ. ಖಾಸಗಿ ಐಸಿಯು ಆಂಬುಲೆನ್ಸುಗಳಲ್ಲಿ ಟ್ರಾನ್ಸ್‌ಫರ್ ಶೀಟ್. ನಮ್ಮ ಹುಡುಗರು ಸುಮ್ನೆ 'ಶೀಟು' ಅನ್ನುತ್ತಾರೆ. ಕರೆ ಎಷ್ಟು ಗಂಟೆಗೆ ಬಂತು, ಗಾಡಿ ಎಷ್ಟಕ್ಕೆ ಹೊರಟಿತು, ರೋಗಿಯನ್ನು ಎಷ್ಟಕ್ಕೆ ಹತ್ತಿಸಿಕೊಂಡರು, ಎಷ್ಟಕ್ಕೆ ಒಪ್ಪಿಸಿದರು, ಎಲ್ಲ ಅದರಲ್ಲಿ ಇರುತ್ತದೆ. ನಾಡಿ, ಬಿಪಿ, ಉಸಿರು, ರಕ್ತದಲ್ಲಿ ಆಕ್ಸಿಜನ್ ಎಷ್ಟು, ಶುಗರ್ ಎಷ್ಟು, ಪ್ರಜ್ಞೆ ಹೇಗಿದೆ, ಯಾವ ಔಷಧಿ ಎಷ್ಟು ಹನಿ ಹೋಗುತ್ತಿದೆ, ಇವೂ ಇರುತ್ತವೆ. ಕೊನೆಗೆ ಒಪ್ಪಿಸಿಕೊಂಡವರ ಸಹಿ. ಗೋವಾದಲ್ಲಿ 108 ಸೇವೆ ಶುರುವಾಗಿದ್ದು 2008ರ ಸೆಪ್ಟೆಂಬರಿನಲ್ಲಿ. ಕರ್ನಾಟಕದಲ್ಲಿ ಅದೇ ವರ್ಷ ನವೆಂಬರ್ 1ಕ್ಕೆ. ಆವತ್ತಿನಿಂದ ಗಡಿಯ ಎರಡೂ ಕಡೆ ಇಂಥ ಎಷ್ಟು ಹಾಳೆ ತುಂಬಿರಬೇಕು, ಯೋಚಿಸಿ.

ಅಪಘಾತದ ಜಾಗದಿಂದ ಆಸ್ಪತ್ರೆಗೆ ತರುವ ಗಾಡಿ ಒಂದು ಬಗೆ. ನನ್ನ ಕೆಲಸ ಇನ್ನೊಂದು ಬಗೆ. ಒಂದು ಆಸ್ಪತ್ರೆಯ ಐಸಿಯುನಿಂದ ಇನ್ನೊಂದರ ಐಸಿಯುಗೆ ರೋಗಿಯನ್ನು ಕರೆದೊಯ್ಯೋದು. ಗಂಟಲಲ್ಲಿ ಟ್ಯೂಬ್ ಇರುತ್ತದೆ, ವೆಂಟಿಲೇಟರ್ ಉಸಿರಾಡಿಸುತ್ತಿರುತ್ತದೆ. ಬಿಪಿ ಹಿಡಿದು ನಿಲ್ಲಿಸಲು ಸಿರಿಂಜ್ ಪಂಪಿನಲ್ಲಿ ಔಷಧಿ ಹೋಗುತ್ತಿರುತ್ತದೆ. ಇಷ್ಟನ್ನೂ ಹೊತ್ತ ಒಂದು ಹಾಸಿಗೆ ಗಂಟೆಗೆ ಅರವತ್ತು ಕಿಲೋಮೀಟರಿನಲ್ಲಿ ಓಡುತ್ತಿರುತ್ತದೆ. ಐಸಿಯುನಲ್ಲಿ ಏನಾದರೂ ಹೆಚ್ಚುಕಡಿಮೆ ಆದರೆ ಕೂಗಿದರೆ ನಾಲ್ಕು ಜನ ಬರುತ್ತಾರೆ. ಗಾಡಿಯೊಳಗೆ ಕೂಗಿದರೆ ಕೇಳೋದು ಪೈಲಟ್‌ಗೆ ಮಾತ್ರ, ಅವರ ಎರಡೂ ಕೈ ಸ್ಟೀರಿಂಗ್ ಮೇಲೆ.

ನಾನು ಕುಮಟಾ ಕಡೆಯವನು. ನಮ್ಮ ಜಿಲ್ಲೆಯವರಿಗೆ ಈ ಓಡಾಟ ಹೊಸದಲ್ಲ. ದೊಡ್ಡ ಕಾಯಿಲೆ ಅಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲಾ ಗೋವಾ. 2022ರ ಜುಲೈಯಲ್ಲಿ ಹೊನ್ನಾವರದಿಂದ ಕುಂದಾಪುರಕ್ಕೆ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಗೇಟ್ ಹತ್ತಿರ ಮಳೆಯಲ್ಲಿ ಜಾರಿ ಪಲ್ಟಿಯಾಯಿತು. ನಾಲ್ಕು ಜೀವ ಹೋಯಿತು. ಆ ವಿಡಿಯೋ ನೀವೆಲ್ಲ ನೋಡಿದ್ದೀರಿ. ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅನ್ನುವ ಕೂಗು ಆಗ ಜೋರಾಯಿತು. ನ್ಯಾಯವಾದ ಕೂಗು. ಆಗ ನನ್ನ ತಲೆಯಲ್ಲಿ ಬೇರೆ ಪ್ರಶ್ನೆಗಳೂ ಓಡುತ್ತಿದ್ದವು. ಒಂದು ವರ್ಷಕ್ಕೆ ಎಷ್ಟು ಜನ ಜಿಲ್ಲೆ ದಾಟುತ್ತಾರೆ? ಯಾವ ಕಾಯಿಲೆಗೆ ಜಾಸ್ತಿ? ಹೃದಯಕ್ಕಾ, ತಲೆಗೆ ಪೆಟ್ಟಿಗಾ, ಎಳೆ ಕೂಸುಗಳಿಗಾ? ದಾರಿಯಲ್ಲಿ ಎಷ್ಟು ಜನರ ಸ್ಥಿತಿ ಕೆಡುತ್ತದೆ? ಆಸ್ಪತ್ರೆ ಕಟ್ಟುವವರು ಮೊದಲು ಯಾವ ವಿಭಾಗ ತೆರೆಯಬೇಕು ಅಂತ ಇದರಿಂದಲೇ ಗೊತ್ತಾಗಬೇಕು. ಉತ್ತರ ಆ ಹಾಳೆಗಳಲ್ಲಿದೆ. ಕಟ್ಟು ಕಟ್ಟಿ ಕಪಾಟಿನ ಮೇಲೆ ಇಟ್ಟಿರುತ್ತಾರೆ, ಅಷ್ಟೇ.

ಈಗ ನನ್ನದೇ ಒಂದು ಹಾಳೆಯ ವಿಷಯ ಹೇಳುತ್ತೇನೆ. ಇದನ್ನು ಹೇಳೋದು ನನಗೆ ಸುಲಭವಲ್ಲ.

ಕೆಲವು ವರ್ಷದ ಹಿಂದೆ, ಮಳೆಗಾಲ. ಕಾರವಾರ ಕಡೆಯಿಂದ ಬಾಂಬೋಳಿಗೆ, ಅಂದರೆ ಗೋವಾ ಮೆಡಿಕಲ್ ಕಾಲೇಜು ಆಸ್ಪತ್ರೆಗೆ, ಒಬ್ಬರನ್ನು ತರಬೇಕಿತ್ತು. ಐವತ್ತರ ಆಸುಪಾಸಿನವರು, ಜೋರು ನ್ಯುಮೋನಿಯಾ, ವೆಂಟಿಲೇಟರ್ ಮೇಲಿದ್ದರು. ಹತ್ತಿರ ಹತ್ತಿರ ನೂರು ಕಿಲೋಮೀಟರ್ ದಾರಿ. ಹೆಂಡತಿ ಮುಂದಿನ ಸೀಟಿನಲ್ಲಿ, ಮಡಿಲಲ್ಲಿ ಪ್ಲಾಸ್ಟಿಕ್ ಕೊಟ್ಟೆಯಲ್ಲಿ ಸುತ್ತಿದ ಫೈಲು. ಕಾಣಕೋಣ ದಾಟುವವರೆಗೆ ಎಲ್ಲ ಸರಿ ಇತ್ತು. ಕರಮಲ್ ಘಾಟಿನ ತಿರುವು ಶುರುವಾಯಿತು. ಮಾನಿಟರ್ ಕೂಗಿಕೊಂಡಿತು. ಟ್ಯೂಬಿನಲ್ಲಿ ಕಫ ಕಟ್ಟಿತ್ತು. ಸಕ್ಷನ್ ಪೈಪು ಹಾಕಿ ಕಫ ಹೀರಿ ತೆಗೆದೆವು, ವೆಂಟಿಲೇಟರ್ ತೆಗೆದು ಉಸಿರು ತುಂಬುವ ಬ್ಯಾಗನ್ನು ಕೈಯಲ್ಲೇ ಒತ್ತಿದೆವು. ಗಾಡಿ ಎಡಕ್ಕೆ ವಾಲಿದರೆ ನಾನು ಎಡಕ್ಕೆ, ಬಲಕ್ಕೆ ವಾಲಿದರೆ ಬಲಕ್ಕೆ. ಮುಂದಿನಿಂದ ಆ ತಾಯಿ, "ಡಾಕ್ಟ್ರೇ, ಎಂತ ಆಯ್ತು?" ಅಂತ ಕೇಳುತ್ತಲೇ ಇದ್ದರು. ನಿಧಾನಕ್ಕೆ ಸರಿಹೋಯಿತು. ಬಾಂಬೋಳಿಯಲ್ಲಿ ಒಪ್ಪಿಸಿ, ಐಸಿಯು ಹೊರಗಿನ ಬೆಂಚಿನ ಮೇಲೆ ಕೂತು ಶೀಟು ತುಂಬಿದೆ. ಹದಿನೈದು ನಿಮಿಷಕ್ಕೊಂದು ಸಾಲು. ಆಕ್ಸಿಜನ್ 96, 95, 96, 97. ಕೆಳಗೆ 'ದಾರಿಯಲ್ಲಿ ಸಕ್ಷನ್ ಮಾಡಲಾಯಿತು' ಅಂತ ಒಂದು ಸಾಲು. ಸಹಿ.

ಎರಡು ದಿನ ಬಿಟ್ಟು ಬೇರೆ ಏನೋ ಹುಡುಕಲು ಮಾನಿಟರಿನ ಟ್ರೆಂಡ್, ಅಂದರೆ ಅದು ತಾನಾಗಿ ಉಳಿಸಿಕೊಂಡ ಅಂಕಿಗಳನ್ನು, ತೆರೆದೆ. ಆ ಪ್ರಯಾಣ ಅದರ ಮೆಮೊರಿಯಲ್ಲಿ ಇನ್ನೂ ಇತ್ತು. ಘಾಟಿನ ಹೊತ್ತಿನಲ್ಲಿ ಆಕ್ಸಿಜನ್ 82ಕ್ಕೆ ಇಳಿದಿತ್ತು. 90ರ ಕೆಳಗೆ ಆರು ನಿಮಿಷ ಇತ್ತು. ನನ್ನ ಹಾಳೆಯಲ್ಲಿ ಆ ಆರು ನಿಮಿಷ ಇಲ್ಲವೇ ಇಲ್ಲ. ಸುಳ್ಳು ಬರೆಯಬೇಕು ಅಂತ ನಾನು ಬರೆದಿದ್ದಲ್ಲ. ಒಂದೆರಡು ನಿಮಿಷ ಇಳಿದಿತ್ತು, ಬೇಗ ಸರಿಹೋಯಿತು ಅಂತಲೇ ನನ್ನ ನೆನಪಿನಲ್ಲಿ ಇತ್ತು. ಕೈಯಲ್ಲಿ ಬ್ಯಾಗ್ ಒತ್ತುವವನಿಗೆ ಸಮಯ ಬೇರೆ ಥರ ಓಡುತ್ತದೆ. ಆ ಮನುಷ್ಯ ಗುಣವಾಗಿ ಮನೆಗೆ ಹೋದರು, ದೇವರು ದೊಡ್ಡವನು. ಹಾಳೆ ಮಾತ್ರ ತಪ್ಪಾಗಿಯೇ ಉಳಿಯಿತು. ನಾಳೆ ಯಾರಾದರೂ ಕೂತು ಈ ದಾರಿಯಲ್ಲಿ ಎಷ್ಟು ರೋಗಿಗಳ ಆಕ್ಸಿಜನ್ ಕುಸಿಯಿತು ಅಂತ ಲೆಕ್ಕ ಹಾಕಿದರೆ, ನನ್ನ ರೋಗಿ ಕುಸಿಯದವರ ಸಾಲಿಗೆ ಸೇರುತ್ತಾರೆ.

ಇದು ನನ್ನೊಬ್ಬನ ಕಥೆ ಅಲ್ಲ. ಆಪರೇಷನ್ ಥಿಯೇಟರಿನಲ್ಲಿ ಅರಿವಳಿಕೆ ವೈದ್ಯರು ಕೈಯಲ್ಲಿ ಬರೆದದ್ದನ್ನೂ ಯಂತ್ರ ತಾನಾಗಿ ದಾಖಲಿಸಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡಿದವರಿದ್ದಾರೆ. ಕೈಬರಹದಲ್ಲಿ ಏರಿಳಿತ ಕಡಿಮೆ ಕಾಣುತ್ತದೆ. ನೆನಪು ಗುಡ್ಡವನ್ನು ತಗ್ಗಿಸಿ, ಹಳ್ಳವನ್ನು ಮುಚ್ಚಿಬಿಡುತ್ತದೆ. ಬಿಪಿ ನೋಡಿ. ಯಂತ್ರಕ್ಕೆ 117, 123, 131 ಎಲ್ಲ ಒಂದೇ. ಮನುಷ್ಯ ಬರೆದರೆ 110, 120, 130. ಹಳೆಯ ಶೀಟುಗಳ ಕಟ್ಟು ಬಿಚ್ಚಿ ನೋಡಿ, 120/80 ಎಷ್ಟು ಸಲ ಬರುತ್ತದೆ ಅಂತ. ಅಷ್ಟು ಆರೋಗ್ಯವಂತರಾದರೆ ಆಂಬುಲೆನ್ಸ್ ಯಾಕೆ ಹತ್ತುತ್ತಿದ್ದರು? ಹಾಗಂತ ಕೈಬರಹ ಬೇಡ ಅನ್ನುತ್ತಿಲ್ಲ. 'ಕಫ ಕಟ್ಟಿತ್ತು' ಅಂತ ಯಂತ್ರಕ್ಕೆ ಬರೆಯಲು ಬರೋದಿಲ್ಲ. ಎಷ್ಟು ಇಳಿಯಿತು ಅಂತ ಯಂತ್ರ ಹೇಳುತ್ತದೆ, ಯಾಕೆ ಇಳಿಯಿತು ಅಂತ ಹಾಳೆ ಹೇಳಬೇಕು. ಎರಡನ್ನೂ ಜೋಡಿಸಿ ಓದಬೇಕು.

ಜೋಡಿಸಲು ಹೋದರೆ ಮೊದಲ ಎಡವಟ್ಟು ಗಡಿಯಾರ. ಕಂಟ್ರೋಲ್ ರೂಮಿನದು ಒಂದು, ನನ್ನ ಕೈಗಡಿಯಾರ ಒಂದು, ಮಾನಿಟರಿನದು ಒಂದು, ಆಸ್ಪತ್ರೆ ಗೋಡೆಯದು ಒಂದು. ಬ್ಯಾಟರಿ ಬದಲಾಯಿಸಿದಾಗ ಮಾನಿಟರಿನ ಸಮಯ ಹಿಂದೆ ಹೋಗಿರುತ್ತದೆ, ಯಾರೂ ನೋಡಿರೋದಿಲ್ಲ. ಆಮೇಲೆ ಲೆಕ್ಕ ಹಾಕಿದರೆ ರೋಗಿ ಹೊರಡುವ ಮೊದಲೇ ತಲುಪಿರುತ್ತಾನೆ! ಹತ್ತು ನಿಮಿಷದ ತಪ್ಪು ಸಣ್ಣದು ಅನ್ನಿಸಬಹುದು. ಔಷಧಿ ಕೊಟ್ಟ ಮೇಲೆ ಬಿಪಿ ಇಳಿಯಿತಾ, ಇಳಿದ ಮೇಲೆ ಔಷಧಿ ಕೊಟ್ಟಿದ್ದಾ ಅನ್ನುವ ಪ್ರಶ್ನೆಗೆ ಆ ಹತ್ತು ನಿಮಿಷವೇ ಎಲ್ಲ.

ಇಷ್ಟೆಲ್ಲ ತಲೆನೋವು ಇದ್ದರೂ ಈ ದಾಖಲೆಯಿಂದ ಏನು ಸಿಗುತ್ತದೆ? ಕೆನಡಾದ ಒಂಟಾರಿಯೊ ಪ್ರಾಂತ್ಯದಲ್ಲಿ ಆರ್ಂಜ್ ಅನ್ನುವ ಸಂಸ್ಥೆ ಇಡೀ ಪ್ರಾಂತ್ಯದ ಇಂಥ ಸಾಗಾಟ ನೋಡಿಕೊಳ್ಳುತ್ತದೆ. ರಸ್ತೆಯಲ್ಲಿ ಸಾಗಿಸಿದ ಐದು ಸಾವಿರಕ್ಕೂ ಮೀರಿದ ರೋಗಿಗಳ ದಾಖಲೆ ಕೂಡಿಸಿ ಮಾಡಿದ ಒಂದು ಅಧ್ಯಯನ 2014ರಲ್ಲಿ ಪ್ರಕಟವಾಯಿತು. ನೂರರಲ್ಲಿ ಆರೇಳು ಜನಕ್ಕೆ ದಾರಿಯಲ್ಲಿ ಗಂಭೀರ ತೊಂದರೆ ಆಗಿತ್ತು. ಎಲ್ಲಕ್ಕಿಂತ ಜಾಸ್ತಿ ಕಂಡದ್ದು ಬಿಪಿ ಕುಸಿತ. ವೆಂಟಿಲೇಟರ್ ಮೇಲಿದ್ದವರಿಗೆ, ಹೊರಡುವ ಮೊದಲೇ ಬಿಪಿ ಅಲ್ಲಾಡುತ್ತಿದ್ದವರಿಗೆ, ದಾರಿ ಉದ್ದ ಇದ್ದವರಿಗೆ ಅಪಾಯ ಹೆಚ್ಚು. ಇದು ಗೊತ್ತಿದ್ದರೆ ಏನು ಮಾಡಬಹುದು? ಹೊರಡುವ ಮೊದಲು ಹತ್ತು ನಿಮಿಷ ನಿಂತು ಬಿಪಿ ಸರಿಮಾಡಬಹುದು. ಔಷಧಿ ಮೊದಲೇ ಸಿರಿಂಜಿನಲ್ಲಿ ತುಂಬಿ ಇಟ್ಟುಕೊಳ್ಳಬಹುದು. ಯಾರ ಜೊತೆ ನುರಿತವರು ಹೋಗಬೇಕು ಅಂತ ತೀರ್ಮಾನಿಸಬಹುದು. ಯಾರ ಮೇಲೂ ಹೊಸ ಪ್ರಯೋಗ ಮಾಡಲಿಲ್ಲ, ಒಂದು ಹನಿ ರಕ್ತ ಹೆಚ್ಚಿಗೆ ತೆಗೆಯಲಿಲ್ಲ. ದಿನನಿತ್ಯ ಬರೆದ ದಾಖಲೆಯನ್ನೇ ಕೂತು ಓದಿದರು.

ಓದುವವರು ಎಡವುವ ಒಂದು ಜಾಗ ಇದೆ. ವಿದ್ಯಾರ್ಥಿಗಳು ಇದನ್ನು ಗಮನವಿಟ್ಟು ಕೇಳಿ. ಖಾಲಿ ಬಿಟ್ಟ ಚೌಕ. ಬಿಪಿ ಜಾಗ ಖಾಲಿ, ಉಸಿರಿನ ಜಾಗ ಖಾಲಿ. ಕಂಪ್ಯೂಟರಿಗೆ ಹಾಕುವಾಗ ಮಾಹಿತಿ ಅರ್ಧಂಬರ್ಧ ಇರುವ ಶೀಟುಗಳನ್ನು ಪಕ್ಕಕ್ಕೆ ಇಡೋಣ ಅಂತ ಎಲ್ಲರಿಗೂ ಅನ್ನಿಸುತ್ತದೆ. ಯಾವ ರೋಗಿಯ ಶೀಟು ಖಾಲಿ ಇರುತ್ತದೆ ಹೇಳಿ? ಎರಡು ಬಗೆಯವರದು. ಒಂದು, ಏನೂ ತೊಂದರೆ ಇಲ್ಲದೆ ಮಾತಾಡಿಕೊಂಡು ಬಂದವರದು. ಇನ್ನೊಂದು, ಜೀವ ಹೋಗುತ್ತಿದ್ದವರದು. ಎದೆ ಒತ್ತುತ್ತಿರುವ ಕೈ ಪೆನ್ನು ಹಿಡಿಯೋದು ಹೇಗೆ? ನೀವು ಆ ಶೀಟು ಪಕ್ಕಕ್ಕಿಟ್ಟರೆ ಎಲ್ಲಕ್ಕಿಂತ ಕಷ್ಟದಲ್ಲಿದ್ದವರನ್ನೇ ಲೆಕ್ಕದಿಂದ ಹೊರಗೆ ಹಾಕಿದಂತೆ. ಆಮೇಲೆ 'ನಮ್ಮ ದಾರಿ ಸುರಕ್ಷಿತ' ಅಂತ ಬರೆಯುತ್ತೀರಿ. ಹಾಗಾಗಿ ಖಾಲಿ ಚೌಕವನ್ನೂ ಎಣಿಸಿ. ಎಷ್ಟು ಖಾಲಿ, ಯಾರದು ಖಾಲಿ, ಕೊನೆಗೆ ಅವರು ಏನಾದರು, ಇದನ್ನು ಮೊದಲು ನೋಡಿ. ಬರೆಯುವವರಿಗೂ ಒಂದು ಮಾತು. ಬಿಪಿ ಸಿಗದಿದ್ದರೆ 'ಪ್ರಯತ್ನಿಸಿದೆ, ಸಿಗಲಿಲ್ಲ' ಅಂತ ಬರೆಯಿರಿ. ಆಗ ಆ ಚೌಕ ಖಾಲಿ ಇರುವುದಿಲ್ಲ, ಅದೇ ಒಂದು ಉತ್ತರ.

ಪದಗಳ ಅರ್ಥ ಎಲ್ಲರಿಗೂ ಒಂದೇ ಇರಬೇಕು ಅನ್ನೋದಕ್ಕೆ ನಾರ್ವೆಯ ಒಂದು ಉದಾಹರಣೆ. ಹೃದಯ ನಿಂತವರಲ್ಲಿ ಎಷ್ಟು ಜನ ಬದುಕಿದರು ಅಂತ ಒಂದೊಂದು ದೇಶ ಒಂದೊಂದು ಥರ ಎಣಿಸುತ್ತಿತ್ತು. 1990ರಲ್ಲಿ ಉಟ್‌ಸ್ಟೈನ್ ಅನ್ನುವ ಹಳೆಯ ಮಠದಲ್ಲಿ ತಜ್ಞರು ಸೇರಿದರು. 1991ರಲ್ಲಿ ಎಲ್ಲರೂ ಒಪ್ಪಿದ ನಮೂನೆ ಬಂತು. ಇವತ್ತಿಗೂ ಅದಕ್ಕೆ ಆ ಮಠದ ಹೆಸರೇ. ಐಸಿಯು ಸಾಗಾಟಕ್ಕೂ ಗ್ಯಾಮಟ್ ಅನ್ನುವ ಹೆಸರಿನಲ್ಲಿ ಇಂಥ ಪ್ರಯತ್ನ ನಡೆದಿದೆ. ಟ್ಯೂಬ್ ಮೊದಲ ಸಲಕ್ಕೇ ಕೂತಿತಾ, ಆಗ ಆಕ್ಸಿಜನ್ ಆಗಲಿ ಬಿಪಿ ಆಗಲಿ ಕುಸಿಯಲಿಲ್ಲವಾ, ಎಳೆಕೂಸಿನ ಮೈ ಕಾವು ಇಳಿಯಿತಾ, ಇಂಥವನ್ನು ಒಂದೇ ಅಳತೆಯಲ್ಲಿ ಎಣಿಸುತ್ತಾರೆ. ನಾವು ಹೊಸದಾಗಿ ಏನೂ ಕಂಡುಹಿಡಿಯಬೇಕಿಲ್ಲ. ಆ ಅಳತೆಗಳನ್ನೇ ತೆಗೆದುಕೊಳ್ಳಬಹುದು.

ಈಗ ನಿಮಗೆಲ್ಲ ಗೊತ್ತಿರುವ ಝುವಾರಿ ಸೇತುವೆಗೆ ಬರೋಣ. ಹಳೆಯ ಸೇತುವೆಯ ಮೇಲೆ ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡು ಕೆಳಗಿನ ನೀರು ನೋಡುತ್ತಾ ಕೂತ ನೆನಪು ಇಲ್ಲಿ ಯಾರಿಗಿಲ್ಲ? 2022ರ ಡಿಸೆಂಬರ್ ಕೊನೆಯಲ್ಲಿ ಹೊಸ ಸೇತುವೆಯ ಒಂದು ಭಾಗ ತೆರೆಯಿತು, ಮರುವರ್ಷ ಇನ್ನೊಂದು. ವಾಸ್ಕೋ ಇರಲಿ, ಮಡಗಾಂವ್ ಇರಲಿ, ಬಾಂಬೋಳಿಗೆ ಹೋಗಬೇಕಾದರೆ ಕುಟ್ಠಾಳಿಗೆ ಬಂದು ಅದನ್ನೇ ದಾಟಬೇಕು. ಹೊಸ ಸೇತುವೆಯಿಂದ ಆಂಬುಲೆನ್ಸಿನ ಸಮಯ ಎಷ್ಟು ಉಳಿಯಿತು? ಹಿಂದಿನ ಮತ್ತು ನಂತರದ ಶೀಟುಗಳ ಎರಡು ಸಮಯ ಸಾಕು, ಹೊರಟಿದ್ದು ಮತ್ತು ತಲುಪಿದ್ದು. ಯಾವ ವಿದ್ಯಾರ್ಥಿಯೂ ಮಾಡಬಹುದಾದ ಕೆಲಸ. ಆದರೆ ಅವಸರ ಬೇಡ. ಸೇತುವೆ ತೆರೆಯುವ ಹಿಂದಿನ ವರ್ಷಗಳಲ್ಲಿ ಕೊರೊನಾ ಬಂದು ಹೋಯಿತು. ಲಾಕ್‌ಡೌನಿನಲ್ಲಿ ರಸ್ತೆ ಖಾಲಿ, ರೋಗಿಗಳೂ ಬೇರೆ. ಮಡಗಾಂವಿನ ಹಾಸ್ಪಿಸಿಯೊ ಅನ್ನುವ ಹಳೆಯ ಸರ್ಕಾರಿ ಆಸ್ಪತ್ರೆ ಹೊಸ ಜಿಲ್ಲಾ ಆಸ್ಪತ್ರೆಯ ಕಟ್ಟಡಕ್ಕೆ ಹೋಯಿತು, ಹಾಗಾಗಿ ಬಾಂಬೋಳಿಗೆ ಬರುವವರ ಬಗೆಯೂ ಬದಲಾಗಿರಬಹುದು. ಒಂದೇ ಒಂದು ತಿಂಗಳನ್ನು ಇನ್ನೊಂದರ ಜೊತೆ ಹೋಲಿಸಿದರೆ ಮೋಸ ಹೋಗುತ್ತೀರಿ. ತಿಂಗಳು ತಿಂಗಳೂ ಗೆರೆ ಎಳೆದು, ಸೇತುವೆ ತೆರೆದ ದಿನ ಗೆರೆ ಮುರಿಯಿತಾ ಅಂತ ನೋಡಬೇಕು. 2024ರ ಆಗಸ್ಟ್ 7ರ ನಸುಕಿನಲ್ಲಿ ಕಾರವಾರದಲ್ಲಿ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತಲ್ಲ, ಅಲ್ಲೂ ಇದೇ ಪ್ರಶ್ನೆಯನ್ನು ತಿರುಗಿಸಿ ಕೇಳಬಹುದು.

ನನ್ನ ಅನುಭವದಲ್ಲಿ ರಸ್ತೆಗಿಂತ ಜಾಸ್ತಿ ಹೊತ್ತು ತಿನ್ನೋದು ಹೊರಡುವ ಜಾಗ. ಹೃದಯಾಘಾತದ ರೋಗಿಯನ್ನು ಮುಂದಕ್ಕೆ ಕಳಿಸಬೇಕಾದರೆ ಮೊದಲ ಆಸ್ಪತ್ರೆಯಲ್ಲಿ ಬಾಗಿಲು ಹೊಕ್ಕು ಬಾಗಿಲು ದಾಟುವ ಹೊತ್ತು 30 ನಿಮಿಷ ಮೀರಬಾರದು ಅನ್ನೋದು ಅಮೆರಿಕದ ಹೃದಯ ತಜ್ಞರ ಗುರಿ. ನಮ್ಮಲ್ಲಿ ಬಿಲ್ಲು, ಬೆಡ್ಡು ಸಿಗುತ್ತದಾ ಅಂತ ಫೋನು, ಮನೆಯವರ ಚರ್ಚೆ, ಝೆರಾಕ್ಸ್. ಒಂದು ಸಲ ನನ್ನ ಕೈಗೆ ಬಂದ ಚೀಟಿಯಲ್ಲಿ 'ಹೈಯರ್ ಸೆಂಟರ್‌ಗೆ ರೆಫರ್' ಅನ್ನೋದು ಬಿಟ್ಟರೆ ಒಂದಕ್ಷರ ಇರಲಿಲ್ಲ. ಯಾವ ಆಸ್ಪತ್ರೆ ಅಂತ ಹೇಳೋದಿಲ್ಲ. ಏನು ಔಷಧಿ ಕೊಟ್ಟರು ಅಂತ ಕೇಳಿದರೆ ರೋಗಿಯ ಅಣ್ಣ, "ನಮ್ಗೆ ಎಂತದೂ ಹೇಳ್ಲಿಲ್ಲ ಡಾಕ್ಟ್ರೇ" ಅಂದರು. ಗಾಡಿ ಬಂದು ನಿಂತ ಸಮಯ, ಗಾಡಿ ಹೊರಟ ಸಮಯ, ಇವೆರಡನ್ನೂ ಶೀಟಿನಲ್ಲಿ ಬೇರೆಬೇರೆ ಬರೆದರೆ ಈ ಹೊತ್ತು ಕಣ್ಣಿಗೆ ಕಾಣುತ್ತದೆ.

ಆಂಬುಲೆನ್ಸಿನ ಹಾಳೆಗೆ ಒಂದು ದೊಡ್ಡ ಕೊರತೆ ಇದೆ. ರೋಗಿ ಕೊನೆಗೆ ಬದುಕಿದರಾ ಅಂತ ಅದಕ್ಕೆ ಗೊತ್ತಿಲ್ಲ. ಅದು ಆಸ್ಪತ್ರೆಯ ಫೈಲಿನಲ್ಲಿದೆ. ಎರಡನ್ನೂ ಹೊಂದಿಸಬೇಕು ಅಂದರೆ ಹೆಸರಿನ ಫಜೀತಿ. ನಮ್ಮ ಕಡೆ ನಾಯ್ಕರೇ ಬೇರೆ, ನಾಯಕರೇ ಬೇರೆ. ಗೋವಾದ ಕಂಪ್ಯೂಟರಿನಲ್ಲಿ ಇಂಗ್ಲಿಷಿನಲ್ಲಿ ಬರೆಯುವಾಗ ಒಬ್ಬರು ಹೀಗೆ, ಇನ್ನೊಬ್ಬರು ಹಾಗೆ. ಅಡ್ಡಹೆಸರು ಇಲ್ಲದ ಬಾಗಲಕೋಟೆಯವರು ಬಂದರೆ ಅಪ್ಪನ ಹೆಸರೇ ಅಡ್ಡಹೆಸರು. ವಯಸ್ಸು 'ಸುಮಾರು 50'. ಹೆಸರೊಂದನ್ನೇ ನಂಬಿ ಹೊಂದಿಸಿದರೆ ಒಬ್ಬರ ಸಾವು ಇನ್ನೊಬ್ಬರ ಲೆಕ್ಕಕ್ಕೆ ಹೋಗುತ್ತದೆ. ತಾರೀಕು, ತಲುಪಿದ ಸಮಯ, ವಯಸ್ಸು, ಗಂಡೋ ಹೆಣ್ಣೋ, ಇಷ್ಟನ್ನೂ ಸೇರಿಸಿ ನೋಡಬೇಕು. ಸರ್ಕಾರದ ಆರೋಗ್ಯ ಖಾತೆಯ ಗುರುತು, 14 ಅಂಕಿಯ ಆಭಾ ನಂಬರ್ ಇದ್ದರೆ ಅದನ್ನು ಶೀಟಿನಲ್ಲಿ ಬರೆದುಬಿಡಿ, ಅರ್ಧ ಕಷ್ಟ ತಪ್ಪುತ್ತದೆ.

ಹೀಗೆ ಹೊಂದಿಸುವಾಗ ಗುಟ್ಟು ಕಾಯಬೇಕು. 2023ರ ಡಿಜಿಟಲ್ ವೈಯಕ್ತಿಕ ಮಾಹಿತಿ ಕಾಯ್ದೆಯಲ್ಲಿ ಸಂಶೋಧನೆಗೆ ವಿನಾಯಿತಿ ಇದೆ, ಷರತ್ತಿನ ಮೇಲೆ. ಆ ಮಾಹಿತಿ ಹಿಡಿದು ಆ ವ್ಯಕ್ತಿಯ ಬಗ್ಗೆಯೇ ಏನೂ ತೀರ್ಮಾನ ಮಾಡುವಂತಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಪ್ರಕಾರ ಆಸ್ಪತ್ರೆಯ ನೈತಿಕ ಸಮಿತಿಯ ಒಪ್ಪಿಗೆ ಬೇಕೇ ಬೇಕು. ಇದು ಕಾಗದದ ಮಾತು. ಊರಿನ ಮಾತು ಬೇರೆ. ಹೆಸರು ಅಳಿಸಿ 'ಮಾಜಾಳಿ, 62 ವರ್ಷ, ಮೀನುಗಾರ, ಇಂಥ ತಾರೀಕು' ಅಂತ ಬಿಟ್ಟರೆ ಆ ಊರಿನ ಮಕ್ಕಳೂ ಯಾರು ಅಂತ ಹೇಳುತ್ತಾರೆ. ಸಣ್ಣ ಊರುಗಳ ದಾಖಲೆಯಲ್ಲಿ ಹೆಸರು ಅಳಿಸಿದರೆ ಸಾಲದು. ಊರಿನ ಬದಲು ತಾಲೂಕು, ವಯಸ್ಸಿನ ಬದಲು 60ರಿಂದ 69, ತಾರೀಕಿನ ಬದಲು ತಿಂಗಳು ಸಾಕು.

ಇದರಿಂದ ನಾಳೆ ಬೆಳಿಗ್ಗೆಯೇ ಏನು ಉಪಯೋಗ ಅಂತ ಕೇಳುವವರಿಗೆ ಆಕ್ಸಿಜನ್ ಲೆಕ್ಕ ಹೇಳುತ್ತೇನೆ. ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಇರುತ್ತದೆ. ನಿಮಿಷಕ್ಕೆ 10 ಲೀಟರ್ ಹೋದರೆ ಎರಡೂವರೆ ಗಂಟೆ. 15 ಲೀಟರ್ ಹೋದರೆ 100 ನಿಮಿಷ, ಅಂದರೆ ಕಾರವಾರದಿಂದ ಹೊರಟವರಿಗೆ ಬಾಂಬೋಳಿ ಬರುವ ಮೊದಲೇ ಮುಗಿಯುತ್ತದೆ. ಮಳೆಗಾಲದಲ್ಲಿ ಈ ದಾರಿ ನಿಜವಾಗಿ ಎಷ್ಟು ಹೊತ್ತು ಹಿಡಿಯುತ್ತದೆ, ರೋಗಿಗೆ ಎಷ್ಟು ಲೀಟರ್ ಹೋಗುತ್ತದೆ, ಎರಡೂ ಶೀಟಿನಲ್ಲಿದ್ದರೆ ಎಷ್ಟು ಸಿಲಿಂಡರ್ ಬೇಕು ಅಂತ ಊಹಿಸುತ್ತಾ ಕೂರಬೇಕಿಲ್ಲ.

ಮಾತು ಮುಗಿದ ಮೇಲೆ, ಮೊದಲು ಕೈ ಎತ್ತಿದ್ದ ನರ್ಸುಗಳಲ್ಲಿ ಒಬ್ಬರು ಎದ್ದು ನಿಂತರು. "ಸರ್, 82 ಅಂತ ಇದ್ದದ್ದು ಇದ್ದ ಹಾಗೆ ಬರೆದರೆ, ನಾಳೆ ನೀನೇನು ಮಾಡ್ತಿದ್ದೆ ಅಂತ ನಮ್ಮನ್ನೇ ಕೇಳಲ್ವಾ?"

ಕೇಳುತ್ತಾರೆ. ನಾನು ಮೊದಲು ಕೆಲಸ ಮಾಡುತ್ತಿದ್ದ ಒಂದು ಕಡೆ, ನಿಜ ಬರೆದ ಹುಡುಗನೊಬ್ಬನನ್ನು ಎಲ್ಲರ ಮುಂದೆ ನಿಲ್ಲಿಸಿ ಬೈದರು. ಮರುದಿನದಿಂದ ಅಲ್ಲಿನ ಶೀಟುಗಳೆಲ್ಲ 98. ಬೈದವರು ತಮ್ಮ ಕಣ್ಣು ತಾವೇ ಕಟ್ಟಿಕೊಂಡರು. ಅದಕ್ಕೇ ಅಧ್ಯಯನಕ್ಕೆ ಕೊಡುವ ಮೊದಲು ರೋಗಿಯ ಹೆಸರಿನ ಜೊತೆ ಸಿಬ್ಬಂದಿಯ ಹೆಸರೂ ತೆಗೆಯಬೇಕು ಅಂತ ನಾನು ಹಟ ಹಿಡಿಯುತ್ತೇನೆ. ಆ ತಂಗಿಗೆ ಇನ್ನೊಂದು ಮಾತು ಹೇಳಿದೆ. ಬರೀ 82 ಅಂತ ಬರೆದು ಬಿಡಬೇಡಮ್ಮ. 6.41ಕ್ಕೆ 82, ಸಕ್ಷನ್. 6.44ಕ್ಕೆ 88. 6.47ಕ್ಕೆ 95. ಹೀಗೆ ಬರೆ. ನೀನು ಏನು ಮಾಡುತ್ತಿದ್ದೆ ಅನ್ನೋದಕ್ಕೆ ಅದೇ ಉತ್ತರ. ಉದ್ದಕ್ಕೂ 96 ಅಂತ ಬರೆದ ಹಾಳೆ ನಿನ್ನ ಪರ ಒಂದು ಮಾತೂ ಆಡಲಾರದು.

ಹಿಂದಿನ ಸಾಲಿನಲ್ಲಿದ್ದ ಒಬ್ಬರು ಪೈಲಟ್, ಗದಗ ಕಡೆಯವರು, ತಾವೇನು ಮಾಡಬಹುದು ಅಂತ ಕೇಳಿದರು. ಗಾಡಿ ಓಡಿಸುವವರಿಗೆ ಬರೆಯಲು ಆಗೋದಿಲ್ಲ, ನಿಜ. ನಮ್ಮ ಗಾಡಿಯಲ್ಲಿ ಈಗ ಮಾಡುತ್ತಿರುವುದನ್ನು ಅವರಿಗೆ ಹೇಳಿದೆ. ಹೊರಡುವ ಮೊದಲು ಪೈಲಟ್ ತಮ್ಮ ಮೊಬೈಲಿನ ಸಮಯ ಕೂಗಿ ಹೇಳುತ್ತಾರೆ, ನಾನು ಮಾನಿಟರಿನ ಸಮಯವನ್ನು ಅದರ ಪಕ್ಕ ಬರೆದುಕೊಳ್ಳುತ್ತೇನೆ. ದಾರಿಯಲ್ಲಿ ಕಾಣಕೋಣ ಬಂದರೆ ಒಂದು ಕೂಗು, ಕುಂಕಳ್ಳಿ ಬಂದರೆ ಒಂದು ಕೂಗು. ಅವೆರಡರ ನಡುವೆ ಮುಂದಿನಿಂದ, "ಡಾಕ್ಟ್ರೇ, ಘಾಟ್ ಶುರು" ಅನ್ನುತ್ತಾರೆ. ನಾನು ಸಮಯ ಬರೆದು ಸಕ್ಷನ್ ಪೈಪು ಕೈಗೆ ತೆಗೆದುಕೊಳ್ಳುತ್ತೇನೆ.